ಬಿಸಿಲಿನ ವ್ಯಾಪಾರವೂ ನಮ್ಮ ಕೂಲಿಯೂ

ಹೋದ ತಿಂಗಳು ಸಂಘದ ಸಭೆ ಮುಗಿದು ಎಲ್ಲರೂ ಕಾಫಿಗೆ ಎದ್ದಾಗ ಸದಸ್ಯರೊಬ್ಬರು ಎರಡು ಪ್ರಶ್ನೆಗಳನ್ನು ಮುಂದಿಟ್ಟರು. ಅವರು ಪಾವಗಡ ತಾಲ್ಲೂಕಿನವರು. ವೆಸ್ಟ್ ಮಾಂಬಲಂನ ಹೋಟೇಲೊಂದರಲ್ಲಿ ಬಹು ವರ್ಷಗಳಿಂದ ದೋಸೆಕಲ್ಲಿನ ಮುಂದೆ ನಿಂತು ದುಡಿದವರು. "ನಮ್ಮೂರ ಬಿಸಿಲಿನಲ್ಲಿ ಕರೆಂಟು ತೆಗೆಯುತ್ತಾರೆ. ಆ ಸೋಲಾರ್ ಪ್ಯಾನೆಲ್‌ಗಳ ವಿಷಯದಲ್ಲಿ ಅಮೆರಿಕಾದವರು ನಮ್ಮ ಸರಕಾರದ ಮೇಲೆ ವ್ಯಾಜ್ಯ ಹೂಡಿದ್ದರಂತೆ. ಅವರಿಗೇನು ಜಗಳ?" ಎಂಬುದು ಮೊದಲನೆಯದು. "ರೂಪಾಯಿ ಬಿದ್ದುಹೋಯಿತು, ಗ್ಯಾಸು ದುಬಾರಿ, ಈ ವರ್ಷ ಸಂಬಳ ಏರಿಸುವ ಮಾತಿಲ್ಲ ಎಂದು ಯಜಮಾನರು ಹೇಳುತ್ತಾರೆ. ರೂಪಾಯಿ ಬಿದ್ದರೆ ನಾನೇಕೆ ತೆರಬೇಕು?" ಎಂಬುದು ಎರಡನೆಯದು. ಕೆಲವರು ನಕ್ಕರು. ಉತ್ತರ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ಎರಡೂ ಪ್ರಶ್ನೆಗಳು ನಗುವಂಥವಲ್ಲ. ಎರಡಕ್ಕೂ ಒಂದಕ್ಕೊಂದು ಗಂಟೂ ಇದೆ. ಆದುದರಿಂದ ತಿಳಿದಮಟ್ಟಿಗೆ ವಿಷಯವನ್ನು ಬಿಡಿಸಿ ಹೇಳಿ, ನಮ್ಮ ಅಭಿಪ್ರಾಯವನ್ನೂ ಬಾಂಧವರ ಮುಂದೆ ಇಡುತ್ತೇವೆ.

ಮೊದಲು ವ್ಯಾಜ್ಯದ ಮಾತು. 2010ರ ಜನವರಿಯಲ್ಲಿ ಭಾರತ ಸರಕಾರ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಯೋಜನೆಯನ್ನು ಆರಂಭಿಸಿತು. ಬಿಸಿಲಿನಿಂದ ವಿದ್ಯುತ್ತು ತಯಾರಿಸುವ ಕಂಪೆನಿಗಳಿಂದ ಸರಕಾರವೇ ಒಪ್ಪಿದ ದರಕ್ಕೆ ದೀರ್ಘಕಾಲ ವಿದ್ಯುತ್ತು ಕೊಳ್ಳುವುದೆಂದು ಏರ್ಪಾಡಾಯಿತು. ಆ ಕಾಲದ ಮೊದಲ ಹರಾಜಿನಲ್ಲಿ ಯೂನಿಟ್ಟಿಗೆ ಹನ್ನೆರಡು ರೂಪಾಯಿಯ ಆಸುಪಾಸಿನ ದರ ನಿಂತಿತು. ಅಷ್ಟು ಹಣ ಕೊಡುವಾಗ, ಬಳಸುವ ಸಿಲಿಕಾನ್ ಪ್ಯಾನೆಲ್‌ಗಳು, ಮರುವರ್ಷದಿಂದ ಸೆಲ್ಲುಗಳೂ, ಈ ದೇಶದಲ್ಲೇ ತಯಾರಾಗಿರಬೇಕೆಂದು ಸರಕಾರ ಷರತ್ತು ಹಾಕಿತು. ಬೆಂಗಳೂರಿನಲ್ಲಿ 1989ರಲ್ಲೇ ಟಾಟಾ ಬಿ.ಪಿ. ಸೋಲಾರ್ ಕಂಪೆನಿ ಹುಟ್ಟಿತ್ತು. ಇಂಥ ಕಾರ್ಖಾನೆಗಳು ಬೆಳೆಯಲಿ, ನಾಲ್ಕು ಜನಕ್ಕೆ ಕೆಲಸ ಸಿಗಲಿ ಎಂಬುದು ಷರತ್ತಿನ ಹಿಂದಿದ್ದ ಲೆಕ್ಕ.

2013ರ ಫೆಬ್ರವರಿಯಲ್ಲಿ ಅಮೆರಿಕಾ ಸರಕಾರ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಪರದೇಶದ ಸರಕಿಗೂ ಸ್ವದೇಶದ ಸರಕಿಗೂ ಭೇದ ಮಾಡಕೂಡದೆಂಬ ಒಪ್ಪಂದಕ್ಕೆ ಭಾರತ ಸಹಿ ಹಾಕಿದೆ, ಅದನ್ನು ಮುರಿದಿದೆ ಎಂಬುದು ಅವರ ವಾದ. ಸರಕಾರ ತಾನು ಕೊಳ್ಳುವ ಪದಾರ್ಥಕ್ಕೆ ತಾನು ಷರತ್ತು ಹಾಕಬಹುದೆಂಬುದು ನಮ್ಮವರ ವಾದ. 2016ರ ಸೆಪ್ಟೆಂಬರ್ 16ರಂದು ಮೇಲ್ಮನವಿ ಮಂಡಲಿಯ ತೀರ್ಪು ಹೊರಬಿತ್ತು, ನಾವು ಸೋತೆವು. ಕಾರಣವನ್ನು ಹೋಟೇಲಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ ಹೀಗೆ: ಗಿರಾಕಿ ಇಡ್ಲಿ ಕೊಳ್ಳುತ್ತಾನೆ, ಆದರೆ ಹಿಟ್ಟು ರುಬ್ಬಿದ ಗ್ರೈಂಡರು ತನ್ನ ಅಣ್ಣನ ಕಾರ್ಖಾನೆಯದೇ ಆಗಿರಬೇಕೆಂದು ಹಟ ಹಿಡಿಯುತ್ತಾನೆ. ಅವನು ಕೊಳ್ಳುವುದು ಗ್ರೈಂಡರನ್ನಲ್ಲ. ಹಾಗೆಯೇ ಸರಕಾರ ಕೊಂಡದ್ದು ವಿದ್ಯುತ್ತು, ಭೇದ ಮಾಡಿದ್ದು ಸೆಲ್ಲು-ಪ್ಯಾನೆಲ್‌ಗಳಲ್ಲಿ. ಆದುದರಿಂದ ಸರಕಾರೀ ಖರೀದಿಯ ವಿನಾಯಿತಿ ಇಲ್ಲಿ ಸಲ್ಲದು ಎಂದು ತೀರ್ಪಾಯಿತು.

ಕಾನೂನಿನ ಮಾತು ಕಾನೂನಿಗೆ ಸರಿ. ಆದರೆ ದೂರು ಕೊಟ್ಟವರ ಮನೆಯ ಕಥೆ ಏನು? ಅದೇ 2016ರ ಸೆಪ್ಟೆಂಬರಿನಲ್ಲಿ ಭಾರತ ಅಮೆರಿಕಾದ ಮೇಲೆ ಎದುರು ದೂರು ಹಾಕಿತು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿಷಿಗನ್, ಮಿನ್ನೆಸೋಟ ಮೊದಲಾದ ಎಂಟು ರಾಜ್ಯಗಳು ತಮ್ಮ ರಾಜ್ಯದಲ್ಲೇ ತಯಾರಾದ ಸೌರ, ಪವನ ಉಪಕರಣಗಳನ್ನು ಬಳಸಿದವರಿಗೆ ಹೆಚ್ಚಿನ ಸಹಾಯಧನ ಕೊಡುತ್ತಿದ್ದವು. ನಾವು ಮಾಡಿದರೆ ತಪ್ಪಾದದ್ದು ಅವರು ಮಾಡಿದರೆ ಹೇಗೆ ಸರಿ? 2019ರ ಜೂನ್‌ನಲ್ಲಿ ಬಂದ ತೀರ್ಪು ಭಾರತದ ಪರವಾಯಿತು. ಅಮೆರಿಕಾ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಮಂಡಲಿಗೆ ಹೊಸ ಸದಸ್ಯರ ನೇಮಕವನ್ನು ತಡೆದವರು ಅಮೆರಿಕಾದವರೇ ಆಗಿದ್ದರು. ಆ ವರ್ಷದ ಡಿಸೆಂಬರಿಗೆ ಮಂಡಲಿಯ ಕೆಲಸವೇ ನಿಂತುಹೋಯಿತು. ಬಾಗಿಲು ಮುಚ್ಚಿದ ಕೋರ್ಟಿನ ಮೆಟ್ಟಿಲ ಮೇಲೆ ಕಾಗದ ಬಿದ್ದಿತು. ಕಡೆಗೆ 2023ರ ಜೂನ್‌ನಲ್ಲಿ ಎರಡು ಸರಕಾರಗಳೂ ಕೈಕುಲುಕಿ ಇವೆರಡನ್ನೂ ಸೇರಿಸಿ ಒಟ್ಟು ಆರು ವ್ಯಾಜ್ಯಗಳನ್ನು ಮುಗಿಸಿಬಿಟ್ಟವು.

ಜಗಳ ಅಲ್ಲಿಗೆ ನಿಂತಿತೆಂದು ತಿಳಿಯಬೇಡಿ. 2022ರ ಏಪ್ರಿಲ್ 1ರಿಂದ ನಮ್ಮ ಸರಕಾರ ಪರದೇಶದ ಪ್ಯಾನೆಲ್‌ಗೆ ಶೇಕಡ 40, ಸೆಲ್ಲಿಗೆ ಶೇಕಡ 25 ಸುಂಕ ವಿಧಿಸಿತು. ಇಲ್ಲೇ ತಯಾರಿಸುವವರಿಗೆ ಎರಡು ಕಂತುಗಳಲ್ಲಿ 24,000 ಕೋಟಿ ರೂಪಾಯಿಯ ಪ್ರೋತ್ಸಾಹಧನವನ್ನು ತೆಗೆದಿರಿಸಿತು. ಅಮೆರಿಕಾ 2022ರ ಆಗಸ್ಟಿನ ಕಾನೂನಿನಲ್ಲಿ ತನ್ನ ದೇಶದ ಸರಕು ಬಳಸಿದವರಿಗೆ ಹೆಚ್ಚಿನ ತೆರಿಗೆ ರಿಯಾಯಿತಿ ಕೊಟ್ಟಿತು. 2024ರಲ್ಲಿ ಚೀನಾ ಅದರ ಮೇಲೆ ಜಿನೀವಾದಲ್ಲಿ ದೂರು ಹಾಕಿತು. 2025ರ ಅಕ್ಟೋಬರಿನಲ್ಲಿ ಅದೇ ಚೀನಾ ನಮ್ಮ ಬ್ಯಾಟರಿ ಮತ್ತು ವಿದ್ಯುತ್ ವಾಹನಗಳ ಸಹಾಯಧನದ ಮೇಲೂ ದೂರಿತು. ಎಲ್ಲರೂ ತಮ್ಮ ಮನೆಯಲ್ಲಿ ಮಾಡುವುದನ್ನೇ ಪಕ್ಕದ ಮನೆಯಲ್ಲಿ ಕಂಡರೆ ಕೂಗುವವರು.

ಮಿಲ್ಲಿನ ಬಾಂಧವರಿಗೆ ಇದು ಹೊಸ ಆಟವಲ್ಲ. ನಮ್ಮ ಹಿರಿಯರು ಇದನ್ನು ಕಂಡವರೇ. 1896ರಲ್ಲಿ ಬ್ರಿಟಿಷ್ ಸರಕಾರ ಪರದೇಶದ ಹತ್ತಿಬಟ್ಟೆಯ ಮೇಲೆ ಶೇಕಡ ಮೂರೂವರೆ ಸುಂಕ ಹಾಕಿತು. ಅಷ್ಟಾದರೂ ನಮ್ಮ ಮಿಲ್ಲುಗಳಿಗೆ ಆಸರೆಯಾದೀತೆಂದರೆ, ಲ್ಯಾಂಕಶೈರಿನ ಮಾಲೀಕರು ಗದ್ದಲವೆಬ್ಬಿಸಿದ್ದರಿಂದ, ಭಾರತದ ಮಿಲ್ಲುಗಳ ಬಟ್ಟೆಯ ಮೇಲೂ ಅಷ್ಟೇ ಅಬಕಾರಿ ಸುಂಕ ಕೂತಿತು. ಎರಡು ಕಡೆಗೂ ಸಮ, ಭೇದವಿಲ್ಲ, ನ್ಯಾಯವಾಯಿತಲ್ಲ ಎಂದರು! ಆ ಸುಂಕ ನಿಂತದ್ದು 1925ರ ಡಿಸೆಂಬರಿನಲ್ಲಿ, ಮೂವತ್ತು ವರ್ಷಗಳ ಮೇಲೆ.

ಸುಂಕ ಹೋದ ಬೆನ್ನಿಗೇ ನಾಣ್ಯದ ಆಟ ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನಮ್ಮ ದೋಸೆ ಭಟ್ಟರ ಎರಡನೆಯ ಪ್ರಶ್ನೆಯ ಉತ್ತರ ಇಲ್ಲಿಯೇ ಇದೆ. ಹಿಲ್ಟನ್ ಯಂಗ್ ಆಯೋಗದ ಮಾತಿನಂತೆ 1927ರಲ್ಲಿ ಸರಕಾರ ರೂಪಾಯಿಯ ಬೆಲೆಯನ್ನು ಒಂದು ಷಿಲಿಂಗ್ ಆರು ಪೆನ್ಸ್, ಅಂದರೆ 18 ಪೆನ್ಸ್ ಎಂದು ಕಾನೂನು ಮಾಡಿತು. ಆಯೋಗದಲ್ಲಿದ್ದ ಸರ್ ಪುರುಷೋತ್ತಮದಾಸ್ ಠಾಕೂರದಾಸರು ಅದಕ್ಕೆ ಒಪ್ಪದೆ, ಮೊದಲಿನಂತೆ 16 ಪೆನ್ಸ್ ಸಾಕೆಂದು ಭಿನ್ನಾಭಿಪ್ರಾಯ ಬರೆದರು. ಎರಡು ಪೆನ್ಸಿಗೆ ಅಷ್ಟೊಂದು ಜಗಳವೇ ಎನ್ನಬಹುದು. ಲೆಕ್ಕ ನೋಡಿ. ಮ್ಯಾಂಚೆಸ್ಟರಿನಲ್ಲಿ 18 ಪೆನ್ಸ್ ಬೆಲೆಯ ಬಟ್ಟೆ 18ರ ದರದಲ್ಲಿ ಇಲ್ಲಿಗೆ ಒಂದು ರೂಪಾಯಿಗೆ ಬರುತ್ತದೆ. 16ರ ದರದಲ್ಲಿ ಒಂದು ರೂಪಾಯಿ ಎರಡಾಣೆಗೆ ಬರುತ್ತದೆ. ಸುಂಕದ ಒಂದು ಕಾಗದವೂ ಇಲ್ಲದೆ ಪರದೇಶದ ಬಟ್ಟೆಗೆ ರೂಪಾಯಿಗೆ ಎರಡಾಣೆ ಸೋಡಿ ಸಿಕ್ಕಿತು. ನಾಣ್ಯದ ದರವನ್ನು ತಿರುಗಿಸುವುದೆಂದರೆ ಕಣ್ಣಿಗೆ ಕಾಣದ ಸುಂಕವನ್ನು ಹಾಕುವುದು, ಇಲ್ಲವೆ ತೆಗೆಯುವುದು.

ಮುಂಬಯಿಯ ಮಿಲ್ ಮಾಲೀಕರು ದೇಶ ಹಾಳಾಯಿತೆಂದು ಕೂಗಿದರು. ಅವರ ಕೂಗಿನಲ್ಲಿ ಸತ್ಯವಿತ್ತು. ಆದರೆ ಅದೇ ಮಾಲೀಕರು ನಷ್ಟವನ್ನು ತುಂಬಿಕೊಳ್ಳಲು ಹೊರಟದ್ದು ಎಲ್ಲಿಂದ? ಒಬ್ಬ ಕಾರ್ಮಿಕನಿಗೆ ಹೆಚ್ಚು ಮಗ್ಗಗಳನ್ನು ಕಟ್ಟಿದರು, ಕೂಲಿ ಇಳಿಸಿದರು. 1928ರಲ್ಲಿ ಮುಂಬಯಿಯ ಒಂದೂವರೆ ಲಕ್ಷದಷ್ಟು ಕಾರ್ಮಿಕರು ಏಪ್ರಿಲಿನಿಂದ ಅಕ್ಟೋಬರಿನವರೆಗೆ ಮುಷ್ಕರ ಹೂಡಿದ್ದು ಅದಕ್ಕೇ. ಮಾಲೀಕರು ಬೇಡಿದಂತೆ 16 ಪೆನ್ಸೇ ಆಗಿದ್ದರೂ ಬಟ್ಟೆಬರೆ, ಸೀಮೆಎಣ್ಣೆಯ ಬೆಲೆ ಏರಿ ಕೂಲಿಯವನ ರೂಪಾಯಿ ಸವೆಯುತ್ತಿತ್ತು. ದರ ಎತ್ತ ತಿರುಗಿದರೂ ಪೆಟ್ಟು ಕೆಳಗಿನವನಿಗೆ. ಹೀಗಿರುವಾಗ ಮಾಲೀಕರ ಜಗಳದಲ್ಲಿ ನಾವು ಜೈಕಾರ ಹಾಕಿದ ಮಾತ್ರಕ್ಕೆ ನಮ್ಮ ಪಾಲು ನಮಗೆ ಬರುವುದಿಲ್ಲ. ಅದನ್ನು ನಾವು ಬೇರೆಯಾಗಿಯೇ ಕೇಳಿ ಪಡೆಯಬೇಕು.

ಈಗಿನ ರೂಪಾಯಿಗೆ ಬರೋಣ. 1966ರ ಜೂನ್ 6ರಂದು ಸರಕಾರ ಒಂದೇ ಏಟಿಗೆ ಡಾಲರಿನ ಬೆಲೆಯನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿದ್ದನ್ನು ಹಿರಿಯ ಸದಸ್ಯರು ಇನ್ನೂ ನೆನೆಯುತ್ತಾರೆ. ಈಗ ಹಾಗೆ ಹುಕುಂ ಹೊರಡುವುದಿಲ್ಲ. ದರ ಪೇಟೆಯಲ್ಲಿ ಆಡುತ್ತದೆ; ರಿಸರ್ವ್ ಬ್ಯಾಂಕು ಡಾಲರು ಕೊಂಡೂ ಮಾರಿಯೂ ಅದನ್ನು ಹದದಲ್ಲಿಡಲು ನೋಡುತ್ತದೆ. ಡಾಲರು ಕೊಂಡರೆ ರೂಪಾಯಿ ಏರದೆ ನಿಲ್ಲುತ್ತದೆ, ಆಗ ನಮ್ಮ ಸರಕು ಪರದೇಶದಲ್ಲಿ ಅಗ್ಗ. ಇದನ್ನೇ ಅಮೆರಿಕಾದವರು ನಾಣ್ಯದ ಕೈಚಳಕ ಎನ್ನುತ್ತಾರೆ. 2018ರ ಏಪ್ರಿಲಿನಲ್ಲಿ ಅವರ ಖಜಾನೆ ಇಲಾಖೆ ಭಾರತವನ್ನು ಕಣ್ಣಿಡಬೇಕಾದ ದೇಶಗಳ ಪಟ್ಟಿಗೆ ಸೇರಿಸಿತು. 2019ರ ಮೇ ತಿಂಗಳಲ್ಲಿ ತೆಗೆಯಿತು. 2020ರ ಡಿಸೆಂಬರಿನಲ್ಲಿ ಮತ್ತೆ ಸೇರಿಸಿತು. 2022ರ ನವೆಂಬರಿನಲ್ಲಿ ಮತ್ತೆ ತೆಗೆಯಿತು. ಚೀನಾವನ್ನಂತೂ 2019ರ ಆಗಸ್ಟಿನಲ್ಲಿ ಕೈಚಳಕಗಾರ ಎಂದೇ ಕರೆದು, ವ್ಯಾಪಾರದ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ, 2020ರ ಜನವರಿಯಲ್ಲಿ, ಆ ಹೆಸರನ್ನು ಅಳಿಸಿದರು. ಅಪರಾಧ ಅಷ್ಟು ಬೇಗ ಅಳಿಯುವುದಾದರೆ ಅದು ಅಪರಾಧವೋ ಚೌಕಾಸಿಯ ಮಾತೋ ಎಂದು ಓದುಗರೇ ತೀರ್ಮಾನಿಸಲಿ.

ರೂಪಾಯಿ ಬಿದ್ದಾಗ ನಮ್ಮ ಅಡಿಗೆಮನೆಯಲ್ಲಿ ಏನಾಗುತ್ತದೆ? 2022ರಲ್ಲಿ ಡಾಲರಿಗೆ 80 ಮುಟ್ಟಿದ ದರ 2025ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ 90 ದಾಟಿತು. ಎಂಬತ್ತಕ್ಕೆ ಹತ್ತು ಹೆಚ್ಚು. ಹಳೆಯ ಲೆಕ್ಕದಲ್ಲಿ ಹೇಳಿದರೆ ರೂಪಾಯಿಗೆ ಸರಿಯಾಗಿ ಎರಡಾಣೆ! ಡಾಲರಿನ ಬೆಲೆ ಒಂದಿಷ್ಟೂ ಏರದ ಸರಕು ಕೂಡ ಇಲ್ಲಿಗೆ ಬರುವಾಗ ಎರಡಾಣೆ ಹೆಚ್ಚಾಗುತ್ತದೆ. ದೇಶ ಬಳಸುವ ಅಡಿಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವಂಥದು. ಹೋಟೇಲಿನ 19 ಕಿಲೋ ಸಿಲಿಂಡರಿಗೂ ಡಾಲರಿಗೂ ಇರುವ ಗಂಟು ಅದು. ಆದುದರಿಂದ ಯಜಮಾನರು ಹೇಳುವುದು ಪೂರಾ ಸುಳ್ಳಲ್ಲ. ಸಣ್ಣ ಹೋಟೇಲು ನಡೆಸುವವರ ಕಷ್ಟ ನಮಗೆ ತಿಳಿಯದ್ದೂ ಅಲ್ಲ. ಅವರಲ್ಲಿ ಎಷ್ಟೋ ಮಂದಿ ನಮ್ಮಂತೆಯೇ ಮಾಣಿಯಾಗಿ ಬಂದು ಲೋಟ ತೊಳೆದು ಮೇಲೆ ಬಂದವರು. ಆದರೆ ಸಿಲಿಂಡರು ಏರಿದಾಗ ಕಾಫಿಯ ಬೆಲೆಯ ಹಲಗೆಯನ್ನು ತಿದ್ದುತ್ತಾರೆ. ಗಿರಾಕಿ ಗೊಣಗಿಕೊಂಡಾದರೂ ಕೊಡುತ್ತಾನೆ. ದುಡಿಯುವವನಿಗೂ ಊರಲ್ಲಿ ಸಂಸಾರವಿದೆ, ಅಲ್ಲಿಯೂ ಗ್ಯಾಸು, ಎಣ್ಣೆ, ಬಸ್ಸಿನ ಚಾರ್ಜು ಏರಿರುತ್ತವೆ. ಅವನ ಬೆಲೆಯ ಹಲಗೆಯನ್ನು ಮಾತ್ರ ತಿದ್ದಬಾರದೆಂದರೆ ಅದು ಯಾವ ನ್ಯಾಯ?

ಮಿಲ್ಲಿನವರ ಗತಿ ಬೇರೆ ಬಗೆ. ರೂಪಾಯಿ ಬಿದ್ದರೆ ಬಟ್ಟೆ ರಫ್ತು ಮಾಡುವವರಿಗೆ ಡಾಲರಿಗೆ ಹೆಚ್ಚು ರೂಪಾಯಿ ಸಿಗುತ್ತದೆ. ಆ ಲಾಭದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಿಗೆ ಪಾಲು ಬಂದುದನ್ನು ನಾವು ಕೇಳಿಲ್ಲ. ಆದರೆ 2025ರ ಆಗಸ್ಟ್ 27ರಿಂದ ಅಮೆರಿಕಾ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇಕಡ 50ಕ್ಕೆ ಏರಿಸಿದಾಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಮೊದಲು ನಡುಕ ಹುಟ್ಟಿದ್ದು ಕೂಲಿಯವರಿಗೆ. ಸುಂಕ ಏರುವುದೂ ಇಳಿಯುವುದೂ ವಾಷಿಂಗ್ಟನ್ನಿನಲ್ಲಿ. ಪಾಳಿ ತಪ್ಪುವುದು ಇಲ್ಲಿ.

ಈಗ ನಮ್ಮ ಹಿತ್ತಿಲಿನ ಒಂದು ಸಂಗತಿ. ಚೆನ್ನೈಗೆ ಹತ್ತಿರದ ಶ್ರೀಪೆರಂಬುದೂರಿನ ಕಡೆ ಫಸ್ಟ್ ಸೋಲಾರ್ ಎಂಬ ಅಮೆರಿಕಾದ ಕಂಪೆನಿಯ ಪ್ಯಾನೆಲ್ ಕಾರ್ಖಾನೆ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 3,300 ಮೆಗಾವಾಟ್ ಸಾಮರ್ಥ್ಯದ ಪ್ಯಾನೆಲ್ ತಯಾರಿಸಬಲ್ಲ ದೊಡ್ಡ ಕಾರ್ಖಾನೆ. ನಮ್ಮ ಸರಕಾರದ ಪ್ರೋತ್ಸಾಹಧನಕ್ಕೆ 2023ರಲ್ಲಿ ಆಯ್ಕೆಯಾದ ಕಂಪೆನಿಗಳಲ್ಲಿ ಅದೂ ಒಂದು. 2025ರ ಜುಲೈನಲ್ಲಿ ಅಮೆರಿಕಾದ ಪ್ಯಾನೆಲ್ ತಯಾರಕರ ಒಕ್ಕೂಟವೊಂದು ಭಾರತ, ಇಂಡೋನೇಷ್ಯಾ, ಲಾವೋಸ್ ದೇಶಗಳ ಪ್ಯಾನೆಲ್‌ಗಳಿಗೆ ಸರಕಾರದ ಸಹಾಯಧನವಿದೆ, ಅವಕ್ಕೆ ಪ್ರತಿಸುಂಕ ಹಾಕಬೇಕೆಂದು ಅರ್ಜಿ ಕೊಟ್ಟಿತು. ಆ ಒಕ್ಕೂಟದಲ್ಲಿ ಫಸ್ಟ್ ಸೋಲಾರ್ ಕೂಡ ಇದೆ! ಅರ್ಜಿ ಇರುವುದು ಸಿಲಿಕಾನ್ ಪ್ಯಾನೆಲ್‌ಗಳ ಮೇಲೆ. ಈ ಕಂಪೆನಿಯದು ತೆಳುಪದರದ ಬೇರೆ ಜಾತಿ, ಹಾಗಾಗಿ ಅದಕ್ಕೆ ಬಾಧಕವಿಲ್ಲ. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಕಂಪೆನಿಯನ್ನು ಬೈಯುವುದೂ ನಮ್ಮ ಉದ್ದೇಶವಲ್ಲ. ಬಂಡವಾಳಕ್ಕೆ ಎರಡು ದೇಶಗಳಲ್ಲಿ ಕಾಲಿಡಲು ಬರುತ್ತದೆ, ಎರಡು ಸರಕಾರಗಳ ಹತ್ತಿರವೂ ಕೈಚಾಚಲು ಬರುತ್ತದೆ ಎಂಬುದನ್ನು ನಾವು ಕಣ್ಣುಬಿಟ್ಟು ನೋಡಬೇಕು, ಅಷ್ಟೇ. ನಮ್ಮ ಹುಡುಗರಿಗೆ ಕಾಲಿಡಲು ಇರುವುದು ಒಂದೇ ನೆಲ.

ಪಾವಗಡದ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳಲ್ಲಿ 13,000 ಎಕರೆಯಷ್ಟು ನೆಲದ ಮೇಲೆ 2,050 ಮೆಗಾವಾಟಿನ ಸೌರ ಪಾರ್ಕು ಎದ್ದಿದೆ. 2018ರ ಮಾರ್ಚಿನಲ್ಲಿ ಅದರ ಉದ್ಘಾಟನೆಯಾಯಿತು. ಸರಕಾರ ಭೂಮಿಯನ್ನು ಕಸಿದುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡದ್ದು ಮೆಚ್ಚತಕ್ಕ ಮಾತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ ಐದರ ಏರಿಕೆ ಎಂದು ಗೊತ್ತಾಯಿತು. ಮಳೆ ಕೈಕೊಟ್ಟ ನಾಡಿನಲ್ಲಿ ಅದು ಸಣ್ಣ ಮೊತ್ತವಲ್ಲ. ಆದರೆ ಎಕರೆಯೇ ಇಲ್ಲದವನಿಗೆ? ಇನ್ನೊಬ್ಬರ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕುತ್ತಿದ್ದವನಿಗೆ ಗುತ್ತಿಗೆಯ ಹಣವೂ ಇಲ್ಲ, ಹೊಲದ ಕೆಲಸವೂ ಇಲ್ಲ. ಪ್ಯಾನೆಲ್ ಒರೆಸುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಉಳಿದವರು ಬಸ್ಸು ಹತ್ತಿದರು. ನಮ್ಮಲ್ಲಿಗೆ ಬಂದು ಕಾಫಿ ಕುಡಿಯುತ್ತ ಪ್ರಶ್ನೆ ಕೇಳಿದವರ ತಮ್ಮಂದಿರು ಆ ಬಸ್ಸಿನಲ್ಲೇ ಇದ್ದಾರು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯ. "ಸುಂಕವೂ ಬೇಡ, ಸಹಾಯಧನವೂ ಬೇಡ. ಅಗ್ಗವಾಗಿ ಬರುವ ಚೀನಾದ ಪ್ಯಾನೆಲ್ ಬರಲಿ, ಕರೆಂಟು ಅಗ್ಗವಾಗಲಿ" ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಮೊದಲು ಹನ್ನೆರಡು ರೂಪಾಯಿಯಿದ್ದ ಸೌರ ವಿದ್ಯುತ್ತಿನ ದರ 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ 2.44 ರೂಪಾಯಿಗೆ ಇಳಿಯಿತಲ್ಲ, ಅದಕ್ಕೆ ಹೊರಗಿನಿಂದ ಬಂದ ಅಗ್ಗದ ಪ್ಯಾನೆಲ್ ಒಂದು ಮುಖ್ಯ ಕಾರಣ. ಸುಂಕ ಹಾಕಿದರೆ ದರ ಸ್ವಲ್ಪ ಏರುವುದೂ ದಿಟ. ಆದರೆ ಎಲ್ಲವನ್ನೂ ಒಂದೇ ದೇಶದ ಕೈಗೆ ಕೊಟ್ಟು ಕೂತರೆ ನಾಳೆ ಅವರು ಹೇಳಿದ್ದೇ ಬೆಲೆ. ಕೆಲಸ ಕಲಿಯುವ ಕಾರ್ಖಾನೆಯೂ ಇಲ್ಲದೆ ನಮ್ಮ ಮಕ್ಕಳು ಪ್ಯಾನೆಲ್ ಒರೆಸುವವರಾಗಿಯೇ ಉಳಿದಾರು. ಆದುದರಿಂದ ಸಹಾಯಧನವನ್ನು ನಾವು ವಿರೋಧಿಸುವುದಿಲ್ಲ. ಷರತ್ತಿಲ್ಲದ ಸಹಾಯಧನವನ್ನು ವಿರೋಧಿಸುತ್ತೇವೆ.

ಜಿನೀವಾದಲ್ಲಿ ಅಷ್ಟು ವರ್ಷ ವಾದಿಸಿದ್ದೆಲ್ಲ ಪ್ಯಾನೆಲ್ ಎಲ್ಲಿ ತಯಾರಾಯಿತು ಎಂಬುದನ್ನು ಕುರಿತು. ತಯಾರಿಸಿದವರಿಗೆ ಏನು ಕೂಲಿ ಸಿಕ್ಕಿತು ಎಂದು ಆ ವ್ಯಾಜ್ಯದಲ್ಲಿ ಯಾರೂ ಕೇಳಲಿಲ್ಲ. ಕೇಳಲು ಅಲ್ಲಿ ನಮ್ಮವರು ಇರಲೂ ಇಲ್ಲ. ಅದನ್ನು ಕೇಳುವ ಜಾಗ ಇಲ್ಲಿಯೇ ಇದೆ. ನಮ್ಮ ಬೇಡಿಕೆಗಳು ಮೂರು.

ಒಂದು, ಜನರ ತೆರಿಗೆಯ ಹಣದಿಂದ ಪ್ರೋತ್ಸಾಹಧನ ಪಡೆಯುವ ಯಾವ ಕಾರ್ಖಾನೆಯಾಗಲಿ, ಸ್ವದೇಶದ್ದಾಗಲಿ ಪರದೇಶದ್ದಾಗಲಿ, ನಿರಂತರವಾಗಿ ನಡೆಯುವ ಕೆಲಸಕ್ಕೆ ಕಂತ್ರಾಟು ಕೂಲಿಗಳನ್ನಿಡದೆ ಖಾಯಂ ನೌಕರರನ್ನಿಡಬೇಕು, ಸಂಘ ಕಟ್ಟುವ ಹಕ್ಕನ್ನು ಮನ್ನಿಸಬೇಕು. ಇದು ಅತಿಯಾಸೆಯಲ್ಲ. ಇದೇ ಊರಿನಲ್ಲಿ 1918ರ ಏಪ್ರಿಲಿನಲ್ಲಿ ಬಿ.ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಪೆರಂಬೂರಿನ ಬಿನ್ನಿ ಮಿಲ್ಲಿನ ಕಾರ್ಮಿಕರು ಅದರ ಬೆನ್ನೆಲುಬು. ನೂರು ವರ್ಷಗಳ ಮೇಲೆ, 2024ರ ಸೆಪ್ಟೆಂಬರ್ 9ರಿಂದ ಶ್ರೀಪೆರಂಬುದೂರಿನ ಬಳಿಯ ಸ್ಯಾಮ್‌ಸಂಗ್ ಕಾರ್ಖಾನೆಯ ಕಾರ್ಮಿಕರು ಒಂದು ತಿಂಗಳಿಗೂ ಮಿಕ್ಕಿ ಮುಷ್ಕರ ಹೂಡಬೇಕಾದದ್ದು ಅದೇ ಸಂಘದ ಹಕ್ಕಿಗಾಗಿ. 2025ರ ಜನವರಿಯಲ್ಲಿ ಅವರ ಸಂಘ ರಿಜಿಸ್ಟರಾಯಿತು. ಯಂತ್ರ ಹೊಸದಾದರೂ ಕೇಳುವ ಮಾತು ಹಳೆಯದೇ.

ಎರಡು, ಸೌರ ಪಾರ್ಕು ಎದ್ದ ಗ್ರಾಮಗಳಲ್ಲಿ ಭೂಮಿಯಿಲ್ಲದ ಕೂಲಿಗಾರರನ್ನೂ ನಷ್ಟಪಟ್ಟವರೆಂದು ಎಣಿಸಬೇಕು. ಪಾರ್ಕಿನ ಕೆಲಸದಲ್ಲಿ ಅವರಿಗೇ ಮೊದಲ ಹಕ್ಕು ಇರಬೇಕು. ಒರೆಸುವ ಕೆಲಸವಷ್ಟೇ ಅಲ್ಲ, ಅವರ ಮಕ್ಕಳಿಗೆ ರಿಪೇರಿ ಕೆಲಸದ ತರಬೇತಿಯೂ ಸಿಗಬೇಕು.

ಮೂರನೆಯದು ನಮ್ಮ ಕೈಯಳತೆಯಲ್ಲೇ ಇರುವಂಥದು. ತಮಿಳುನಾಡಿನಲ್ಲಿ ಹೋಟೇಲು ಉದ್ಯೋಗಕ್ಕೆ ಸರಕಾರ ಕನಿಷ್ಠ ವೇತನ ಗೊತ್ತುಮಾಡಿದೆ. ಅದರಲ್ಲಿ ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಜೊತೆಯಲ್ಲಿ ಏರಬೇಕಾದದ್ದು. ರೂಪಾಯಿ ಬಿದ್ದು ಬೆಲೆ ಏರಿದಾಗ ನಮಗೆ ಇರುವ ಕೊಡೆ ಅದೊಂದೇ. ನಮ್ಮಲ್ಲಿ ಎಷ್ಟು ಜನಕ್ಕೆ ಅದು ಬರುತ್ತಿದೆ? ಊಟ-ವಸತಿ ಕೊಟ್ಟಿದ್ದೇವೆಂದು ಎಷ್ಟು ಮುರಿದುಕೊಳ್ಳುತ್ತಾರೆ? ಸಂಬಳವನ್ನು ಕೈಯಲ್ಲಿ ಎಣಿಸಿ ಕೊಟ್ಟರೆ ಲೆಕ್ಕ ಕೇಳುವವರು ಯಾರು? ಊರಿನವರು, ನೆಂಟರು, ಒಂದೇ ಭಾಷೆಯವರು ಎಂಬ ಸಂಕೋಚದಿಂದ ನಾವು ಬಾಯಿ ಮುಚ್ಚಿದ್ದೇವೆ. ನೆಂಟಸ್ತಿಕೆ ಇರಲಿ, ಲೆಕ್ಕವೂ ಇರಲಿ. ಲೆಕ್ಕ ಸರಿಯಿದ್ದರೆ ನೆಂಟಸ್ತಿಕೆ ಹೆಚ್ಚು ದಿನ ಬಾಳುತ್ತದೆ.

ದೆಹಲಿ ಗೆದ್ದಿತೋ ವಾಷಿಂಗ್ಟನ್ ಗೆದ್ದಿತೋ ಎಂದು ಪತ್ರಿಕೆಗಳಲ್ಲಿ ಓದುವುದು ತಪ್ಪಲ್ಲ. ಆದರೆ ಗೆದ್ದದ್ದರಲ್ಲಿ ನಮಗೆ ಬಂದದ್ದೆಷ್ಟು, ಸೋತದ್ದರಲ್ಲಿ ನಾವು ತೆತ್ತದ್ದೆಷ್ಟು ಎಂದು ಪ್ರತಿ ಸಲವೂ ಕೇಳಿಕೊಳ್ಳುವ ಅಭ್ಯಾಸ ನಮಗೆ ಬರಬೇಕು. ಬರುವ ಸಭೆಗೆ ಬರುವಾಗ ಬಾಂಧವರು ತಮ್ಮ ಮೂರು ತಿಂಗಳ ಸಂಬಳದ ಚೀಟಿಯನ್ನು ತರಬೇಕೆಂದು ಕೋರುತ್ತೇವೆ. ಚೀಟಿಯೇ ಇಲ್ಲದವರು ತಾವು ಪಡೆದ ಹಣ, ಮುರಿದುಕೊಂಡ ಹಣ, ದುಡಿದ ಗಂಟೆಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಬನ್ನಿ. ಬರೆಯಲು ಬಾರದವರು ಬರಿಗೈಯಲ್ಲೇ ಬನ್ನಿ, ನಾವು ಬರೆದುಕೊಳ್ಳುತ್ತೇವೆ. ನಮ್ಮ ದೋಸೆ ಭಟ್ಟರ ಪ್ರಶ್ನೆಗೆ ಉತ್ತರದ ಅರ್ಧವನ್ನು ಇಲ್ಲಿ ಬರೆದಿದ್ದೇವೆ. ಉಳಿದರ್ಧವನ್ನು ಎಲ್ಲರೂ ಕೂಡಿ ಬರೆಯಬೇಕಾಗಿದೆ.